ಸೈಕಲ್ಲಿಗೆ ಕಂಪನಿ ಕೊಡದೆ ಬಿಟ್ಟದ್ದು

ನನಗೊಂದು ಚಾಳಿ ಇದೆ. ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಬೇಕು. ಎಲ್ಲಾದರೂ ಒಂದು ಸೈಕಲ್ ನಿಂತಿದ್ದರೆ ನಾನು ಅದರ ಹತ್ತಿರ ಹೋಗಿ ನಿಲ್ಲುತ್ತೇನೆ. ಸೈಕಲ್ಲನ್ನು ನೋಡುವುದಕ್ಕಲ್ಲ. ಅದರಲ್ಲಿ ನೋಡುವಂಥದ್ದೇನಿದೆ? ಕಪ್ಪು ಬಣ್ಣ, ಎರಡು ಗಾಲಿ, ಒಂದು ಬೆಲ್ಲು. ನಾನು ನೋಡುವುದು ಅದರ ಯಜಮಾನ ಅದಕ್ಕೆ ಏನೇನು ಕಟ್ಟಿಕೊಂಡಿದ್ದಾನೆ ಎಂದು. ಹ್ಯಾಂಡಲ್ಲಿಗೆ ಸುತ್ತಿದ ಹಳೇ ಟ್ಯೂಬಿನ ಪಟ್ಟಿ, ಕ್ಯಾರಿಯರ್ರಿಗೆ ಬಿಗಿದ ಅರ್ಧ ಮಣೆ, ಕಂಬಿಗೆ ಸುತ್ತಿ ಹೊಲಿದ ಟವೆಲ್ಲು. ಕಂಪನಿಯವರು ಕೊಡದೆ ಬಿಟ್ಟದ್ದನ್ನು ನಮ್ಮ ಜನ ತೆಂಗಿನ ಹುರಿಯಲ್ಲಿ ಕಟ್ಟಿಕೊಳ್ಳುತ್ತಾರೆ. ಕಂಬಿಗೆ ಟವೆಲ್ಲು ಸುತ್ತಿದೆ ಎಂದರೆ ಆ ಮನೆಯಲ್ಲಿ ಪುಟ್ಟ ಮಗು ಒಂದಿದೆ, ಅದು ದಿನಾ ಅದರ ಮೇಲೆ ಕೂತು ಎಲ್ಲಿಗೋ ಹೋಗುತ್ತದೆ. ಹುರಿ ಎಲ್ಲಿದೆ ಎಂದು ನೋಡಿದರೆ ಸಾಕು, ಆ ಮನುಷ್ಯನಿಗೆ ಏನು ಕಮ್ಮಿ ಬಿದ್ದಿತ್ತು ಎಂದು ಗೊತ್ತಾಗುತ್ತದೆ.

ಈ ಚಾಳಿ ಹತ್ತಿದ್ದು ನಾನು ಅಜ್ಜಂಪುರದ ಸುತ್ತಮುತ್ತ ನರ್ಸ್ ಆಗಿದ್ದ ಕಾಲದಲ್ಲಿ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ನನ್ನ ಪಾಲಿಗೆ ಏಳು ಹಳ್ಳಿ ಬಂದಿದ್ದವು. ಅವುಗಳಲ್ಲಿ ಬಸ್ಸು ಹೋಗುತ್ತಿದ್ದದ್ದು ಎರಡಕ್ಕೆ. ಮಿಕ್ಕ ಐದಕ್ಕೂ ಕಾಲೇ ಗತಿ. ಒಂದು ವರ್ಷ ನಡೆದೆ. ಹಿಮ್ಮಡಿ ಒಡೆದ ಮೇಲೆ, ರಜ ಹಾಕಿ ಹಿರೇನಲ್ಲೂರಿನ ನಮ್ಮ ಮನೆಗೆ ಹೋಗಿ, "ಸೈಕಲ್ ಕಲೀತೀನಿ" ಎಂದೆ.

"ಸೀರೆ ಉಟ್ಕೊಂಡಾ?" ಎಂದರು ಅಮ್ಮ.

ಅಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದರು. "ನರ್ಸ್ ಓದಕ್ಕೇ ಬಿಟ್ಟಿದೀವಿ. ಸೈಕಲ್ ಯಾವ ಲೆಕ್ಕ ಬಿಡು" ಎಂದರು. ರಾಗಿ ಕೊಯ್ದು ಖಾಲಿ ಬಿದ್ದಿದ್ದ ಹೊಲದಲ್ಲಿ ಕ್ಯಾರಿಯರ್ ಹಿಡಿದುಕೊಂಡು ನನ್ನ ಹಿಂದೆ ಓಡಿದರು. ಅವರು ಹೇಳಿಕೊಟ್ಟ ವಿದ್ಯೆ ಇಷ್ಟೇ: "ಬೀಳೋದಿದ್ರೆ ಹೊಲದ ಕಡೀಕೆ ಬೀಳು, ಬೇಲಿ ಕಡೀಕೆ ಬೀಳಬ್ಯಾಡ." ಎಂಟು ದಿನ ಹಾಗೆಯೇ ಬಿದ್ದೆ. ಒಂಬತ್ತನೆಯ ದಿನ ಬೀಳಲಿಲ್ಲ. ಕಡೂರಿನಲ್ಲಿ ವರ್ಗವಾಗಿ ಹೊರಟಿದ್ದ ಒಬ್ಬ ಮೇಡಮ್ಮಿನ ಲೇಡೀಸ್ ಸೈಕಲ್ ಸಿಕ್ಕಿತು. ಅದನ್ನು ಪ್ಯಾಸೆಂಜರ್ ರೈಲಿಗೆ ಹಾಕಿಸಿಕೊಂಡು ಅಜ್ಜಂಪುರದಲ್ಲಿ ಇಳಿದೆ.

ಇಳಿದು, ಹತ್ತಿ, ಪೇಟೆ ಬೀದಿಯ ನಟ್ಟನಡುವೆ ಬಿದ್ದೆ. ಸೀರೆಯ ಅಂಚು ಚೈನಿಗೆ ಸಿಕ್ಕಿತ್ತು. ಬಿದ್ದದ್ದು ಸರಿಯಾಗಿ ಒಂದು ಸೈಕಲ್ ಷಾಪಿನ ಎದುರಿಗೆ. ಒಳಗಿನಿಂದ ಹಣೆಗೆ ಮೂರು ಬೆರಳಿನ ವಿಭೂತಿ ಧರಿಸಿದ್ದ, ಅರವತ್ತರ ಆಸುಪಾಸಿನ ಒಬ್ಬರು ಎದ್ದು ಬಂದರು. ಬಂದವರು ಮೊದಲು ಸೈಕಲ್ಲನ್ನು ಎತ್ತಿದರು. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಹಲ್ಲಿನಿಂದ ನನ್ನ ಸೀರೆಯನ್ನು ಬಿಡಿಸಿದರು. ಆಮೇಲೆ ನೆಲದ ಮೇಲೆ ಕೂತಿದ್ದ ನನ್ನ ಕಡೆ ನೋಡಿ ಸಮಾಧಾನ ಹೇಳಿದರು: "ಸೀರೆ ಹೋಯ್ತು ಕಣಮ್ಮ. ಸೈಕಲ್ಲಿಗೇನೂ ಆಗಿಲ್ಲ, ಹೆದ್ರಬ್ಯಾಡ."

ಅವರೇ ಸಿದ್ದಪ್ಪನವರು. ಈ ಪ್ರಬಂಧ ಸೈಕಲ್ಲಿನ ಬಗ್ಗೆ ಎಂದು ಶುರು ಮಾಡಿದ್ದರೂ ಅವರ ಬಗ್ಗೆಯೇ ಆಗುವ ಲಕ್ಷಣ ಕಾಣುತ್ತಿದೆ, ಆಗಲಿ.

ಅಂದೇ ಅವರನ್ನು ಕೇಳಿದೆ, ಚೈನಿಗೂ ಹಿಂದಿನ ಗಾಲಿಗೂ ಸೀರೆ ಸಿಗದ ಹಾಗೆ ಏನಾದರೂ ಮಾಡಿ ಕೊಡಲಾಗುತ್ತದೆಯೇ ಎಂದು. ಅವರು ಆಗದೆಂದು ತಲೆಯಾಡಿಸಿದರು. "ಸೈಕಲ್ಲು ಅಂದ್ರೆ ಒಂದು ಲೆಕ್ಕ ಕಣಮ್ಮ. ಒಂದು ಕಡೆ ಏನೋ ಸೇರಿಸಿದ್ರೆ ಇನ್ನೊಂದು ಕಡೆ ತಪ್ತದೆ. ಬೇಕಿದ್ದಿದ್ರೆ ಕಂಪ್ನಿಯೋರೇ ಕೊಟ್ಟಿರೋರು." ಅದು ಅವರ ಮತ. ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಹೂ ಸಿಕ್ಕಿಸಿಕೊಂಡು ಬಂದವರ ಸೈಕಲ್ಲಿಗೆ ಅವರು ಹೂ ತೆಗೆಯುವ ತನಕ ಗಾಳಿ ಹಾಕುತ್ತಿರಲಿಲ್ಲ. ಅವರ ಸ್ವಂತದ ಸೈಕಲ್ ಅಂಗಡಿಯೊಳಗೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಮದುವೆಯ ವರ್ಷ ಕೊಂಡದ್ದಂತೆ. ಮಡ್‌ಗಾರ್ಡಿನ ಮೇಲಿನ ಚಿನ್ನದ ಬಣ್ಣದ ಗೆರೆ ಕೂಡ ಅಳಿಸಿರಲಿಲ್ಲ. ಅದನ್ನು ದಿನಾ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ.

ನಾನು ಹಟ ಹಿಡಿದು, ಉಲ್ಲನ್ ದಾರದಲ್ಲಿ ನಾನೇ ಒಂದು ಬಲೆ ಹೆಣೆದು ಗಾಲಿಗೆ ಕಟ್ಟಿದೆ. ಒಂದು ವಾರ ಚೆನ್ನಾಗಿತ್ತು. ಎಂಟನೆಯ ದಿನ ಅದು ನಡುವಿನ ಹಬ್ಬಿಗೆ ಸುತ್ತಿಕೊಂಡು ಗಾಲಿಯೇ ತಿರುಗದಾಯಿತು. ಸಿದ್ದಪ್ಪನವರು ಅರ್ಧ ಗಂಟೆ ಕೂತು ಅದನ್ನು ಕತ್ತರಿಸಿ ತೆಗೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಆಪರೇಷನ್ ಮಾಡಿ ಹೊಟ್ಟೆಯಿಂದ ತೆಗೆದ ಗಡ್ಡೆಯನ್ನು ಡಾಕ್ಟರು ಮನೆಯವರಿಗೆ ತೋರಿಸುತ್ತಾರಲ್ಲ, ಹಾಗೆ.

ಆದರೆ ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟ ಹಾಗಾಗಿತ್ತು. ಸೈಕಲ್ಲಿಗೆ ಇನ್ನೂ ಏನೇನು ಬೇಕು? ಬೇರೆಯವರಿಗೆ ಏನನ್ನಿಸುತ್ತದೆ? ಕೇಳುವುದಕ್ಕೆ ನನ್ನ ಕೆಲಸವೇ ದಾರಿ ಮಾಡಿಕೊಟ್ಟಿತು. ಹೆರಿಗೆಯ ಮನೆಯಲ್ಲಿ ಒಳಗೆ ನೋವು ತಿನ್ನುವವಳು ಒಬ್ಬಳಾದರೆ, ಹೊರಗೆ ಜಗಲಿಯ ಮೇಲೆ ಏನೂ ಮಾಡಲು ತೋಚದೆ ಒದ್ದಾಡುವ ಗಂಡ ಒಬ್ಬನಿರುತ್ತಾನೆ. ಗಳಿಗೆಗೊಮ್ಮೆ ಬಾಗಿಲು ತಟ್ಟಿ, "ಏನಾಯ್ತು ನರ್ಸಮ್ಮ?" ಎನ್ನುತ್ತಾನೆ. ಅವನಿಗೊಂದು ಕೆಲಸ ಕೊಡಬೇಕು. ಹಿಂದಿನವರು ನೀರು ಕಾಯಿಸಲು ಹೇಳುತ್ತಿದ್ದರು. ಅಷ್ಟೊಂದು ನೀರನ್ನು ಏನು ಮಾಡುವುದು? ನಾನು ಬಾಗಿಲ ಸಂದಿಯಿಂದ ತಲೆ ಹಾಕಿ, "ನಿಮ್ಮ ಸೈಕಲ್ಲಿಗೆ ಈಗ ಇಲ್ಲದ್ದು ಏನಾದ್ರೂ ಒಂದು ಇರಬೇಕು ಅಂದ್ರೆ ಏನಿರಬೇಕು? ಯೋಚನೆ ಮಾಡಿ ಹೇಳಿ" ಎನ್ನುತ್ತಿದ್ದೆ. ಮದ್ದು ಕೊಟ್ಟ ಹಾಗೆ ಆಗುತ್ತಿತ್ತು. ಗಂಡಸು ಕುಕ್ಕರಗಾಲಲ್ಲಿ ಕೂತು ನೆಲ ನೋಡಲು ಶುರು ಮಾಡುತ್ತಿದ್ದ.

ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುತ್ತಾರಾದ್ದರಿಂದ ಅಳಿಯಂದಿರು ಎಲ್ಲೆಲ್ಲಿಂದಲೋ ಬರುತ್ತಿದ್ದರು. ಎಮ್ಮೆದೊಡ್ಡಿಯಿಂದ ಬಂದಿದ್ದವನೊಬ್ಬ ಹೇಳಿದ: "ನಮ್ಮ ಕಾವಲಲ್ಲಿ ಅಮೃತಮಹಲ್ ದನ ಮೇಯ್ತವೆ ಕಣಮ್ಮ. ಬೆಲ್ ಹೊಡುದ್ರೆ ತಿರುಗಿ ನೋಡ್ತವೆ. ನೋಡಿ, ಅಲ್ಲೇ ನಿಂತ್ಕೊತವೆ. ಅವುಕ್ಕೆ ಒಂಚೂರು ಮರ್ಯಾದೆ ಹುಟ್ಟೋ ಅಂಥಾ ಬೆಲ್ ಒಂದು ಬೇಕು." ಅಮೃತಾಪುರದವನೊಬ್ಬನಿಗೆ ಬಿಸಿಲಲ್ಲಿ ಕಾಯದ ಸೀಟು ಬೇಕಾಗಿತ್ತು. ಅವರ ಊರಿನ ಹಳೇ ಗುಡಿಯ ಮುಂದೆ ಸೈಕಲ್ ನಿಲ್ಲಿಸಿ ದೇವರಿಗೆ ಕೈಮುಗಿದು ಬರುವುದರೊಳಗೆ ಸೀಟು ಹೆಂಚಿನಂತಾಗಿರುತ್ತಿತ್ತಂತೆ. (ಆ ಗುಡಿಗೆ ನಾನೂ ಒಮ್ಮೆ ಹೋಗಿ, ಗೋಡೆಯ ಮೇಲೆ ಕೆತ್ತಿದ ಕಲ್ಲಿನ ರಥಗಳನ್ನು ಬಹಳ ಹೊತ್ತು ನೋಡಿದ್ದೇನೆ. ಅಷ್ಟು ವರ್ಷಗಳ ಹಿಂದಿನ ಗಾಲಿಗಳು. ಅರಗಳು ಎಣಿಸುವಷ್ಟು ಸ್ಪಷ್ಟ. ಮಡ್‌ಗಾರ್ಡು ಒಂದಕ್ಕೂ ಇಲ್ಲ. ಆ ಶಿಲ್ಪಿಗೆ ಕೆಸರಿನ ರಸ್ತೆ ಗೊತ್ತಿತ್ತೋ ಏನೋ.) ನಮ್ಮ ಹಿರೇನಲ್ಲೂರಿನ ಕಡೆಯ ಮೇಷ್ಟರೊಬ್ಬರದು ಗಾಳಿಯ ದೂರು. ಆ ಬಯಲಲ್ಲಿ ಆಷಾಢದ ಗಾಳಿ ಹೋಗುವಾಗಲೂ ಎದುರಿಗೆ, ಬರುವಾಗಲೂ ಎದುರಿಗೆ. "ಪಂಪಲ್ಲಿ ಗಾಳಿ ತುಂಬಲ್ವೇನ್ರೀ? ಹಂಗೇ ಈ ಎದುರುಗಾಳೀನ ಒಂದು ಡಬ್ಬೀಲಿ ಹಿಡಿದಿಟ್ಕೊಂಡು, ದಿಣ್ಣೆ ಬಂದಾಗ ಹಿಂದ್ಗಡೆಯಿಂದ ಬಿಟ್ರೆ?" ಎಂದವರು ಸೀಮೆಸುಣ್ಣ ತೆಗೆದು ಜಗಲಿಯ ಮೇಲೆ ಚಿತ್ರ ಬರೆಯತೊಡಗಿದರು. ಒಳಗೆ ಮಗು ಅತ್ತಿತು. ಮೇಷ್ಟರು ತಲೆಯೆತ್ತದೆ, "ಒಂದು ನಿಮಿಷ" ಎಂದರು!

ಒಂದು ಸಲ ಹಡೆದು ಮಲಗಿದ್ದ ಹುಡುಗಿಯೇ ಮೆಲ್ಲಗೆ ಹೇಳಿದಳು: "ಎಲ್ಲಾ ಗಂಡಸ್ರನ್ನೇ ಕೇಳ್ತೀರ. ಹಿಂದ್ಗಡೆ ಕೂರೋದು ನಾವು." ನನಗೆ ನಾಚಿಕೆಯಾಯಿತು. ಏನು ಬೇಕಮ್ಮಾ ಎಂದೆ. "ಹಿಡ್ಕೊಳ್ಳಕ್ಕೆ ಒಂದು ಹಿಡಿ. ಅತ್ತೆ ಮಾವ ನೋಡ್ತಿರೋವಾಗ ಇವ್ರ ಸೊಂಟ ಹಿಡ್ಕೊಳ್ಳಕ್ಕಾಗುತ್ತಾ? ಊರು ದಾಟೋ ತನಕ ಗಾಳೀಲೇ ಕೂತಿರ್ತೀನಿ."

ಗಾಳಿ ಹಾಕಿಸಿಕೊಳ್ಳಲು ಹೋದಾಗಲೆಲ್ಲ ಇವನ್ನು ಸಿದ್ದಪ್ಪನವರಿಗೆ ವರದಿ ಮಾಡುತ್ತಿದ್ದೆ. ಅವರು ಒಂದೊಂದೇ ಮಾತಿನಲ್ಲಿ ವಜಾ ಮಾಡುತ್ತಿದ್ದರು. ಬೆಲ್ಲಿನವನಿಗೆ: "ದನ ಬಂದಾಗ ಇಳ್ದು ನಡಿ ಅಂತ ಹೇಳು." ಸೀಟಿನವನಿಗೆ: "ನೆರಳಲ್ಲಿ ನಿಲ್ಸು ಅಂತ ಹೇಳು." ಮೇಷ್ಟರ ಗಾಳಿಯ ಡಬ್ಬಿಗೆ ಮಾತ್ರ ಕೈಯಲ್ಲಿದ್ದ ಪಂಪನ್ನೊಮ್ಮೆ ನೋಡಿ, "ಅದಾಗ್ಬೌದು. ಆದ್ರೂ ಬ್ಯಾಡ" ಎಂದರು. ಹಿಡಿ ಬೇಕೆಂದ ಹುಡುಗಿಯ ಮಾತು ಹೇಳಿದಾಗ ಪಂಪು ಹೊಡೆಯುತ್ತಲೇ ಇದ್ದರು. ಟೈರು ಕಲ್ಲಿನಂತಾದ ಮೇಲೆ ನಾನೇ ಸಾಕು ಎನ್ನಬೇಕಾಯಿತು. ಅವರ ಹೆಂಡತಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ.

ಅವರಿಗೆ ಇದ್ದವಳು ಒಬ್ಬಳೇ ಮಗಳು, ಗೌರ. ಅಜ್ಜಂಪುರದಿಂದ ಐದು ಮೈಲಿ ದೂರದ ಒಂದು ಹಳ್ಳಿಗೆ, ಹೊಲ ಮನೆ ಇದ್ದ ಮಂಜಣ್ಣನಿಗೆ ಕೊಟ್ಟಿದ್ದರು. ಅವಳ ಮೊದಲ ಎರಡು ಹೆರಿಗೆಯೂ ತವರಲ್ಲಿ, ನನ್ನ ಕೈಯಲ್ಲೇ ಆಗಿದ್ದವು. ಮೂರನೆಯದಕ್ಕೆ ಅವಳು ಬರಲಿಲ್ಲ. ಹೊಲದಲ್ಲಿ ಈರುಳ್ಳಿ ಕೀಳುವ ಸಮಯ. "ಮೂರ್ನೇದುಕ್ಕೂ ತವರು ಅಂದ್ರೆ ಜನ ನಗ್ತಾರೆ" ಎಂದು ಹೇಳಿ ಕಳಿಸಿದ್ದಳು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಆ ವರ್ಷ ಹಿಂಗಾರು ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ನಾನು ಪಂಕ್ಚರ್ ಹಾಕಿಸಿಕೊಂಡು ಸಿದ್ದಪ್ಪನವರ ಅಂಗಡಿಯಲ್ಲಿ ನಿಂತಿದ್ದಾಗ ಮಂಜಣ್ಣ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ನಡೆದೇ ಬಂದ. "ಬೆಳಗಿನ ಜಾವದಿಂದ ನೋವು. ಸೂಲಗಿತ್ತಿ ಮುಟ್ಟಿ ನೋಡಿ ನನ್ ಕೈಲಾಗಲ್ಲ ಅಂತಾಳೆ. ಗಾಡಿ ಅಚ್ಚಿನ ತನಕ ಹೂತ್ಬಿಟ್ಟದೆ. ನರ್ಸಮ್ಮ, ಬೇಗ ಬರ್ಬೇಕು."

ಹೊರಟೆವು, ನಾನು ನನ್ನ ಸೈಕಲ್ಲಲ್ಲಿ, ಸಿದ್ದಪ್ಪನವರು ತಮ್ಮದರ ಹಿಂದೆ ಮಂಜಣ್ಣನನ್ನು ಕೂರಿಸಿಕೊಂಡು. ಮೂರು ಮೈಲಿ ಜಲ್ಲಿ ರಸ್ತೆ. ಅಲ್ಲಿಯವರೆಗೆ ಸೈಕಲ್ ತುಳಿದೆವು. ಅಲ್ಲಿಂದ ಎಡಕ್ಕೆ ತಿರುಗಿ ಎರಡು ಮೈಲಿ ಎರೆಮಣ್ಣಿನ ಬಂಡಿದಾರಿ. ಎರೆಮಣ್ಣು ಎಂದರೇನೆಂದು ಅದರಲ್ಲಿ ಸೈಕಲ್ ತಳ್ಳಿದವರಿಗೇ ಗೊತ್ತು. ಕಡೂರಿನ ಕಡೆ ಜಾಲಿಮುಳ್ಳು ಟೈರಿಗೆ ಚುಚ್ಚುತ್ತದೆ, ತರೀಕೆರೆಯ ಕಡೆ ಇಳಿಜಾರು ಬ್ರೇಕನ್ನು ಸವೆಸುತ್ತದೆ, ಅವು ಹಗೆಗಳು. ಅಜ್ಜಂಪುರದ ಎರೆಮಣ್ಣಿನದು ಪ್ರೀತಿ. ಮಳೆ ಬಿದ್ದರೆ ಗಾಲಿಯನ್ನು ಅಪ್ಪಿಕೊಳ್ಳುತ್ತದೆ, ಮಡ್‌ಗಾರ್ಡಿನೊಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಇಪ್ಪತ್ತು ಹೆಜ್ಜೆಗೆ ಗಾಲಿ ನಿಲ್ಲುತ್ತದೆ. ಕಡ್ಡಿ ತಗೊಂಡು ಕೆರೆಯಬೇಕು. ಮತ್ತೆ ಇಪ್ಪತ್ತು ಹೆಜ್ಜೆ.

ನಾನು ನನ್ನ ಸೈಕಲ್ಲನ್ನು ತಿರುವಿನಲ್ಲೇ ಒಂದು ಹೊಲದ ಗುಡಿಸಲಿಗೆ ಒರಗಿಸಿ, ಬ್ಯಾಗು ಎತ್ತಿಕೊಂಡೆ. ಸಿದ್ದಪ್ಪನವರು ತಮ್ಮದನ್ನು ಬಿಡಲು ಒಪ್ಪಲಿಲ್ಲ. "ಹಂಗಾರೆ ಮಡ್‌ಗಾರ್ಡಾದ್ರೂ ಬಿಚ್ಚಿ, ಗಾಲಿ ತಿರುಗ್ತದೆ" ಎಂದ ಮಂಜಣ್ಣ. ಅವರು ಅವನನ್ನು ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವ ಹಾಗೆ ನೋಡಿದರು. "ಬಿಚ್ಚೋದಾ? ಕಂಪ್ನಿ ಫಿಟಿಂಗು ಅದು." ಅಷ್ಟು ಹೇಳಿ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ನಡೆದರು. ಅರವತ್ತು ದಾಟಿದವರು. ಮಗಳ ಸಂಕಟಕ್ಕೆ ಓಡುತ್ತಿರುವವರು. ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ನಗು ಬಂತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮನೆಯೊಳಗೆ ಹೋಗಿ ಗೌರಳ ಹೊಟ್ಟೆಯ ಮೇಲೆ ಕೈಯಿಟ್ಟ ಮೇಲೆ ನಗು ಉಳಿಯಲಿಲ್ಲ. ಮಗು ಅಡ್ಡ ಮಲಗಿತ್ತು. ತಲೆ ಒಂದು ಪಕ್ಕೆಯಲ್ಲಿ, ಕಾಲು ಇನ್ನೊಂದು ಪಕ್ಕೆಯಲ್ಲಿ. ಹಾಗಿರುವ ಮಗು ತಾನಾಗಿ ಹುಟ್ಟುವುದಿಲ್ಲ, ಆಪರೇಷನ್ನೇ ಆಗಬೇಕು. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಹೆರಿಗೆಗೆ ನಾನು ತಡವಾಗಿ ಹೋಗಿದ್ದೆ. ತಾಯಿ, ಮಗು ಇಬ್ಬರನ್ನೂ ಉಳಿಸಿಕೊಳ್ಳಲಾಗಿರಲಿಲ್ಲ. ಆ ಹೆಂಗಸಿನ ಮುಖ ನನ್ನ ಕಣ್ಣ ಮುಂದೆ ಬಂದು ನಿಂತಿತು. ಹೊರಗೆ ಬಂದು ಹೇಳಿದೆ: "ಇನ್ನೂ ನೀರು ಒಡೆದಿಲ್ಲ. ಸ್ವಲ್ಪ ಹೊತ್ತು ಇದೆ. ತರೀಕೆರೆ ಆಸ್ಪತ್ರೆಗೆ ಮುಟ್ಟಿಸಬೇಕು. ಈಗಲೇ ಹೊರಡಬೇಕು."

ನಾಲ್ಕು ಜನ ಗಂಡಸರು ಹಗ್ಗದ ಮಂಚದ ಮೇಲೆ ಗೌರಳನ್ನು ಮಲಗಿಸಿ ಹೆಗಲಿಗೇರಿಸಿದರು. ಮನೆಯಿಂದ ನೂರು ಹೆಜ್ಜೆ ಹೋಗಿರಬೇಕು, ಮುಂದಿದ್ದವನ ಕಾಲು ಕೆಸರಲ್ಲಿ ಜಾರಿತು. ಮಂಚ ಒಂದು ಕಡೆಗೆ ವಾಲಿತು. ಗೌರ ಹಗ್ಗ ಹಿಡಿದು ಚೀರಿದಳು. ಮಂಜಣ್ಣ ಅಡ್ಡ ಹಾರಿ ತನ್ನ ಎದೆ ಕೊಟ್ಟು ತಡೆದ. ಮಂಚವನ್ನು ಕೆಳಗಿಟ್ಟರು. ಯಾರಿಗೂ ಮತ್ತೆ ಎತ್ತುವ ಧೈರ್ಯ ಬರಲಿಲ್ಲ. ಜಲ್ಲಿ ರಸ್ತೆಗೇ ಇನ್ನೂ ಎರಡು ಮೈಲಿ ಇತ್ತು.

ಆಗ ಸಿದ್ದಪ್ಪನವರು ಕೇಳಿದರು: "ಮಂಜ, ಮದುವೇಲಿ ಕೊಟ್ಟಿದ್ನಲ್ಲ, ಆ ಸೈಕಲ್ ಎಲ್ಲೈತೆ?"

"ಹಟ್ಟೀಲೈತೆ."

"ತಗಂಬಾ. ಎರಡು ಬಿದಿರು, ಹಗ್ಗ, ಗೋಣಿಚೀಲ. ಬೇಗ."

ಮಂಜಣ್ಣನ ಸೈಕಲ್ಲೂ ಅದೇ ಕಂಪನಿಯದು, ಅದೇ ಎತ್ತರದ್ದು. ಮಾವ ಬೇರೆ ಯಾವುದನ್ನು ತಾನೇ ಕೊಟ್ಟಾರು? ಸಿದ್ದಪ್ಪನವರು ಜೇಬಿನಿಂದ ಸ್ಪ್ಯಾನರ್ ತೆಗೆದರು. ಮೊದಲು ತಮ್ಮ ಸೈಕಲ್ಲಿನ ಮುಂದೆ ಕೂತರು. ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಮ್ಮನೆ ಅದನ್ನು ನೋಡಿದರು. ಆಮೇಲೆ ಅವರ ಕೈ ಓಡಿದ್ದನ್ನು ನಾನು ಜೀವಮಾನದಲ್ಲಿ ಮರೆಯಲಾರೆ. ಮಡ್‌ಗಾರ್ಡು ಎರಡೂ ಹೋದವು. ಸ್ಟ್ಯಾಂಡು ಹೋಯಿತು. ಗಾಲಿಗೆ ತಾಗುವ ಬ್ರೇಕಿನ ಕಂಬಿಗಳು ಹೋದವು. ತಳ್ಳುವವರ ಮೊಣಕಾಲಿಗೆ ಬಡಿಯಬಾರದೆಂದು ಪೆಡಲುಗಳೂ ಹೋದವು. ಚಿನ್ನದ ಗೆರೆಯ ಮಡ್‌ಗಾರ್ಡು ಕೆಸರಲ್ಲಿ ಬಿದ್ದಿತ್ತು. ಅವರು ತಿರುಗಿ ನೋಡಲಿಲ್ಲ. ಅಳಿಯನ ಸೈಕಲ್ಲಿಗೂ ಅದೇ ಗತಿ. ಎರಡನ್ನೂ ಒಂದು ಮೊಳ ಅಂತರದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಬಿದಿರನ್ನು ಅಡ್ಡ ಕಟ್ಟಿ, ಕ್ಯಾರಿಯರ್ರುಗಳ ಮೇಲೆ ಗೋಣಿಚೀಲ ಮಡಿಸಿಟ್ಟು ಎತ್ತರ ಸರಿಮಾಡಿ, ಮಂಚವನ್ನು ಮೇಲಿಟ್ಟು ಬಿಗಿದರು. ನಾಲ್ಕು ಗಾಲಿಯ ಮೇಲೆ ಒಂದು ಮಂಚ! ಅಂಥದ್ದನ್ನು ಯಾವ ಗಂಡನೂ ಯಾವ ಜಗಲಿಯ ಮೇಲೂ ನನಗೆ ಹೇಳಿರಲಿಲ್ಲ.

"ಹೊತ್ಕೊಂಡೋನು ಜಾರಿದ್ರೆ ಮಂಚ ಬೀಳ್ತದೆ" ಎಂದರು ಆ ಗಂಡಸರಿಗೆ. "ತಳ್ಳೋನು ಜಾರಿದ್ರೆ ಸೈಕಲ್ಲೇ ಅವನ್ನ ಹಿಡ್ಕೊತದೆ. ಹೆದ್ರಬ್ಯಾಡಿ. ತಳ್ಳಿ."

ಮುಂದಿನ ಎರಡು ಹ್ಯಾಂಡಲ್ಲಿಗೆ ಮಾವ, ಅಳಿಯ. ಹಿಂದೆ ಇಬ್ಬರು. ಪಕ್ಕದಲ್ಲಿ ನಾನು. ಗೌರಳ ಅತ್ತೆ ಮತ್ತು ಇನ್ನೊಬ್ಬ ಹೆಂಗಸು ಕಡ್ಡಿ ಹಿಡಿದು, ಗಾಲಿಯನ್ನು ಹಿಡಿದಿರುವ ಫೋರ್ಕಿನಲ್ಲಿ ಸೇರಿಕೊಂಡ ಮಣ್ಣನ್ನು ಕೆರೆಯುತ್ತ ಬಂದರು. ಮಂಚ ಅಲುಗಿತು, ಕಿರುಗುಟ್ಟಿತು, ಆದರೆ ವಾಲಲಿಲ್ಲ. ದಾರಿಯ ನಡುವೆ ಒಂದು ಸಣ್ಣ ಹಳ್ಳ ತುಂಬಿ ಹರಿಯುತ್ತಿತ್ತು. ಎಲ್ಲರೂ ನಿಂತರು. ಸಿದ್ದಪ್ಪನವರು ತಾವೊಬ್ಬರೇ ಇಳಿದು, ಆಚೆ ದಡದವರೆಗೆ ನಡೆದು ನೋಡಿ, ಮಂಡಿಗಿಂತ ಮೇಲೆ ನೀರಿಲ್ಲವೆಂದು ಬಂದು ಹ್ಯಾಂಡಲ್ ಹಿಡಿದರು. ನೀರು ಗಾಲಿಗಳ ಮಣ್ಣನ್ನೆಲ್ಲ ತೊಳೆದು ಕಳಿಸಿತು.

ಹಳ್ಳ ದಾಟಿದ ಮೇಲೆ, ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆ, ಗೌರ ಪಕ್ಕಕ್ಕೆ ತಲೆ ತಿರುಗಿಸಿ ಗಾಲಿಯನ್ನು ನೋಡಿದಳು.

"ಅಪ್ಪಾ, ಇದು ನಿನ್ ಸೈಕಲ್ಲಾ?"

"ಹೂಂ."

"ಮಡ್‌ಗಾರ್ಡ್ ಎಲ್ಲೋಯ್ತು?"

"ಸುಮ್ಕೆ ಮಲಿಕ್ಕಳವ್ವ."

"ನಾನ್ ಚಿಕ್ಕೋಳಿದ್ದಾಗ ಮುಟ್ಟಿದ್ದುಕ್ಕೆ ನಂಗೆ ಹೊಡ್ದಿದ್ದೆ..."

ಸಿದ್ದಪ್ಪನವರು ಮುಖದ ಮೇಲಿನ ಕೆಸರನ್ನು ತೋಳಿನಲ್ಲಿ ಒರೆಸಿಕೊಂಡರು. ಒರೆಸಿದ್ದು ಬರೀ ಕೆಸರಲ್ಲ ಎಂದು ನನಗೆ ಕಂಡಿತು. ಮಂಜಣ್ಣ ದಾರಿಯನ್ನೇ ನೋಡುತ್ತ ತಳ್ಳುತ್ತಿದ್ದ.

ಜಲ್ಲಿ ರಸ್ತೆ ಮುಟ್ಟಿದಾಗ ಈರುಳ್ಳಿ ಮೂಟೆ ಹೇರಿಕೊಂಡು ಬರುತ್ತಿದ್ದ ಲಾರಿಯೊಂದನ್ನು ಅಡ್ಡಗಟ್ಟಿದೆವು. ಡ್ರೈವರು ಎರಡು ಸೈಕಲ್ಲಿನ ಮೇಲೆ ಕೂತ ಮಂಚವನ್ನು ಬಾಯಿ ಬಿಟ್ಟುಕೊಂಡು ನೋಡಿದ. ಹೆಚ್ಚು ಮಾತಿಲ್ಲದೆ ಮೂಟೆಗಳನ್ನು ಸಮ ಮಾಡಿ, ಮಂಚವನ್ನು ಹಾಗೆಯೇ ಅವುಗಳ ಮೇಲೆ ಏರಿಸಿಕೊಂಡ. ನಾನು, ಮಂಜಣ್ಣ, ಸಿದ್ದಪ್ಪನವರು ಹತ್ತಿದೆವು. ಬಿಚ್ಚಿದ ಸೈಕಲ್ಲುಗಳು ರಸ್ತೆ ಬದಿಯಲ್ಲಿ ಉಳಿದವು.

ತರೀಕೆರೆಯಲ್ಲಿ ಡಾಕ್ಟರಮ್ಮ ಒಂದು ಸಲ ಮುಟ್ಟಿ ನೋಡಿ ನೇರ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ನನಗೆ ಒಳಗೆ ಕೆಲಸವಿರಲಿಲ್ಲ. ಮಂಜಣ್ಣ ಔಷಧಿಯ ಚೀಟಿ ಹಿಡಿದು ಅಂಗಡಿಗೆ ಓಡಿದ. ವರಾಂಡದ ನೆಲದ ಮೇಲೆ ಸಿದ್ದಪ್ಪನವರ ಪಕ್ಕದಲ್ಲಿ ನಾನೂ ಕೂತೆ. ಎಷ್ಟೋ ಗಂಡಸರನ್ನು ಮಾತಿಗೆಳೆದು ಸಮಾಧಾನ ಮಾಡಿದ್ದೆ. ಆದರೆ ಸೈಕಲ್ಲಿನ ಮಾತನ್ನು ಅವರ ಹತ್ತಿರ ಯಾವ ಮುಖದಲ್ಲಿ ಎತ್ತಲಿ?

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: "ಏನಮ್ಮ, ಎಲ್ಲಾರ್ನೂ ಕೇಳ್ತೀಯ. ನನ್ನ ಕೇಳಲ್ವಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಹುಷಾರಿಲ್ಲದವರು ಮದ್ದು ಕೇಳುವ ಹಾಗೆ ಕೇಳಿದ್ದರು. ನಾನು, "ಸಿದ್ದಪ್ಪನೋರೇ, ನಿಮ್ಮ ಸೈಕಲ್ಲಿಗೆ ಈಗ ಇಲ್ಲದ್ದು ಏನಿರಬೇಕು?" ಎಂದೆ.

ಅವರು ಕಾಲಿಗೆ ಮೆತ್ತಿದ್ದ ಎರೆಮಣ್ಣಿನಿಂದ ಒಂದು ಚೂರು ಎಬ್ಬಿಸಿ, ಸಿಮೆಂಟಿನ ನೆಲದ ಮೇಲೆ ಗೆರೆ ಎಳೆಯತೊಡಗಿದರು. "ಬಿದಿರು ಸಾಲ್ದು. ಕಬ್ಬಿಣದ ಚೌಕಟ್ಟು ಬೇಕು. ಇಲ್ಲಿ, ಇಲ್ಲಿ ಕ್ಲಾಂಪು. ಯಾವ ಎರಡು ಸೈಕಲ್ಲಿಗಾದ್ರೂ ಕೂರ್ಬೇಕು. ಇದೇ ಕಂಪ್ನಿ ಅಂತ ಕೂತ್ರೆ ಆಗಲ್ಲ. ಹಳ್ಳೀಲಿ ಸಿಕ್ಕಿದ್ದು ಸಿಕ್ತದೆ... ಸೀಟಿಂದ ಸ್ಪ್ರಿಂಗ್ ನಾಲ್ಕು ತೆಗ್ದು ಕೆಳಗೆ ಕೊಟ್ರೆ ಅವ್ಳಿಗೆ ಅಷ್ಟು ಅಲುಗ್ತಿರಲಿಲ್ಲ. ಮೇಲೊಂದು ತಟ್ಟಿ, ಬಿಸಿಲು ಮಳೆಗೆ. ಮತ್ತೆ ಪಕ್ಕದಲ್ಲಿ..." ಇಲ್ಲಿ ಅವರ ಬೆರಳು ನಿಂತಿತು. "ಪಕ್ಕದಲ್ಲಿ ಒಂದು ಹಿಡಿ. ಹಿಡ್ಕೊಳ್ಳಕ್ಕೆ. ಪಾಪ, ಹಗ್ಗ ಹಿಡ್ಕೊಂಡು ಕೈಯೆಲ್ಲ ಕುಯ್ದೋಗಿತ್ತು ಮಗೀಗೆ."

ಚಿತ್ರ ವರಾಂಡದ ಅರ್ಧಕ್ಕೆ ಬಂದಿತ್ತು. ದಾಟಿ ಹೋಗುವ ರೋಗಿಗಳು ಅದನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದರು. ಬಾಗಿಲು ತೆರೆದು ಡಾಕ್ಟರಮ್ಮ ಬಂದರು. "ಹೆಣ್ಣು ಮಗು. ತಾಯಿ ಚೆನ್ನಾಗಿದಾಳೆ. ಇನ್ನೊಂದು ಗಂಟೆ ತಡವಾಗಿದ್ರೆ ಕಷ್ಟ ಇತ್ತು. ಅದ್ಹೇಗೆ ಕರ್ಕೊಂಡು ಬಂದ್ರಿ ಆ ದಾರೀಲಿ?"

ಸಿದ್ದಪ್ಪನವರು ಎದ್ದು ನಿಂತು ಕೈಮುಗಿದರು. ನೆಲದ ಕಡೆ ಬೆರಳು ತೋರಿಸಿದರು.

ಅವರು ಆ ಚೌಕಟ್ಟನ್ನು ಮಾಡಿಯೇ ಬಿಟ್ಟರು. ಕ್ಲಾಂಪು, ಸ್ಪ್ರಿಂಗು, ತಟ್ಟಿ, ಎರಡು ಪಕ್ಕಕ್ಕೂ ಹಿಡಿ. ಅಂಗಡಿಯ ಗೋಡೆಗೆ ನೇತು ಹಾಕಿದ್ದರು. ಯಾವ ಊರವರು ಬಂದು ಕೇಳಿದರೂ ಕೊಟ್ಟು ಕಳಿಸುತ್ತಿದ್ದರು. ಅದರ ಮೇಲೆ ಬಸುರಿಯರು ಬಂದರು, ಹಾವು ಕಚ್ಚಿಸಿಕೊಂಡವನೊಬ್ಬ ಬಂದ, ಒಮ್ಮೆ ಕಾಲು ಮುರಿದ ಕರುವೂ ಬಂತು. ಬಂಡಿದಾರಿಗಳಿಗೆ ಜಲ್ಲಿ ಬಿದ್ದ ಮೇಲೆ ಕೇಳುವವರು ಕಮ್ಮಿಯಾದರು. ಹಾಗಂತ ಸಿದ್ದಪ್ಪನವರು ಬದಲಾದರು ಎಂದುಕೊಳ್ಳಬೇಡಿ. ಪ್ಲಾಸ್ಟಿಕ್ ಹೂವಿನವರಿಗೆ ಗಾಳಿ ಹಾಕುತ್ತಿರಲಿಲ್ಲ. ನನ್ನ ಸೀರೆಗೆ ಬಲೆಯನ್ನೂ ಮಾಡಿಕೊಡಲಿಲ್ಲ. ಚೌಕಟ್ಟಿನ ಮಾತೆತ್ತಿದರೆ, "ಅದು ಸೈಕಲ್ಲಿಗೆ ಸೇರಿಸಿದ್ದಲ್ಲ ಕಣಮ್ಮ, ಸೈಕಲ್ಲೇ ಅದುಕ್ಕೆ ಸೇರಿದ್ದು" ಎಂದು ವಾದ ಮಾಡುತ್ತಿದ್ದರು.

ತಮ್ಮ ಸೈಕಲ್ಲಿನ ಮಡ್‌ಗಾರ್ಡನ್ನು ತೊಳೆದು, ಉಜ್ಜಿ, ಮತ್ತೆ ಹಾಕಿಕೊಂಡಿದ್ದರು. ಆದರೆ ಅಂದಿನ ಭಾರಕ್ಕೆ ಅದರ ಮುಂದಿನ ಫೋರ್ಕು ಒಂದಿಷ್ಟು ಸೊಟ್ಟಗಾಗಿತ್ತು. ಊರವರ ಗಾಲಿಯಲ್ಲಿ ಕೂದಲೆಳೆಯ ಡೊಂಕಿದ್ದರೂ ಸಹಿಸದ ಮನುಷ್ಯ, ಅದನ್ನು ಹಾಗೆಯೇ ಬಿಟ್ಟುಕೊಂಡು ವರ್ಷಗಟ್ಟಲೆ ಓಡಿಸಿದರು. ನನಗೆ ತಡೆಯಲಾಗಲಿಲ್ಲ. ನನ್ನ ವರ್ಗದ ಕಾಗದ ಬಂದು, ಅಜ್ಜಂಪುರ ಬಿಡುವ ಮುಂಚೆ ಕೊನೆಯ ಸಲ ಗಾಳಿ ಹಾಕಿಸಿಕೊಳ್ಳಲು ಹೋದಾಗ ಕೇಳಿಯೇಬಿಟ್ಟೆ.

"ಸರಿ ಮಾಡಕ್ಕೆ ಎಷ್ಟೊತ್ತು? ಹತ್ತು ನಿಮಿಷ" ಎಂದರು ಸಿದ್ದಪ್ಪನವರು. ಪಂಪು ಕೆಳಗಿಟ್ಟು, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, ದನಿ ತಗ್ಗಿಸಿದರು. "ಈಗ ಅದು ಒಂಚೂರು ಎಡಕ್ಕೆ ಎಳೀತದೆ ಕಣಮ್ಮ. ಗೌರನ ಊರಿಗೆ ತಿರುಗೋದು ಎಡಕ್ಕೇ ಅಲ್ವಾ?"